ಊರ ನಡುವಿನ 163 ಹೆಕ್ಟೇರ್ ಕಾಡು: ಬುಕಿತ್ ತಿಮಾದಲ್ಲಿ ನಿಜಕ್ಕೂ ಯಾರ್ಯಾರಿದ್ದಾರೆ?

ಪ್ರಶ್ನೆ: ಮಗಳ ಮನೆಗೆಂದು ಸಿಂಗಪುರಕ್ಕೆ ಹೋದಾಗ ಬುಕಿತ್ ತಿಮಾ ಸಂರಕ್ಷಿತ ಅರಣ್ಯ ನೋಡಲು ಹೋಗಿದ್ದೆವು. ಟಾರು ರಸ್ತೆಯಲ್ಲಿ ಹತ್ತಿ ಇಳಿಯುವುದಕ್ಕೆ ಎರಡು ಗಂಟೆಯೂ ಬೇಕಾಗಲಿಲ್ಲ. ಕಣ್ಣಿಗೆ ಬಿದ್ದದ್ದು ಕೋತಿ, ಅಳಿಲು, ಮತ್ತೆ ತುಂಬ ಜನ. ಫಲಕದಲ್ಲಿ ಮಾತ್ರ ಚಿಪ್ಪುಹಂದಿ, ಹೆಬ್ಬಾವು, ಹಾರುವ ಲೀಮರ್ ಅಂತೆಲ್ಲ ಬರೆದಿತ್ತು. ಸುತ್ತಲೂ ಅಪಾರ್ಟ್‌ಮೆಂಟು, ಪಕ್ಕದಲ್ಲೇ ಹೆದ್ದಾರಿ. ಇಷ್ಟು ಚಿಕ್ಕ ಜಾಗದಲ್ಲಿ ಕಾಡುಪ್ರಾಣಿ ಉಳಿಯುವುದು ಸಾಧ್ಯವೇ? ಅದು ಕಾಡೋ, ಕಾಡಿನ ಹಾಗೆ ಕಾಣುವ ಪಾರ್ಕೋ? ಮುಂದಿನ ಸಲ ಹೋದರೆ ಏನು ನೋಡಬೇಕು?

ಉತ್ತರ: ಅದು ಕಾಡೇ. ಗಿಡ ನೆಟ್ಟು ಬೆಳೆಸಿದ ಪಾರ್ಕಲ್ಲ. ಎಂದೂ ಪೂರ್ತಿಯಾಗಿ ಕಡಿಯದ ಮೂಲ ಮಳೆಕಾಡು ಅಲ್ಲಿ ಒಂದಿಷ್ಟು ಇವತ್ತಿಗೂ ನಿಂತಿದೆ. ಆದರೆ ನಿಮ್ಮ ಅನುಮಾನದಲ್ಲೂ ಅರ್ಥ ಇದೆ. ಆ ಕಾಡಿನಲ್ಲಿ ಇರಬೇಕಾಗಿದ್ದ ಎಷ್ಟೋ ಪ್ರಾಣಿಗಳು ಈಗಿಲ್ಲ. ಮರ ಉಳಿದ ಮಾತ್ರಕ್ಕೆ ಮರದ ಮೇಲಿನವರು, ಕೆಳಗಿನವರು ಎಲ್ಲ ಉಳಿದಿದ್ದಾರೆ ಎಂದು ತಿಳಿಯುವ ಹಾಗಿಲ್ಲ. ಯಾರು ಹೋದರು, ಯಾರು ಉಳಿದರು, ಯಾಕೆ ಅಂತ ನೋಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ.

ಮೊದಲು ಅಳತೆ. ಬುಕಿತ್ ತಿಮಾ ಸುಮಾರು 163 ಹೆಕ್ಟೇರ್, ಅಂದರೆ ನಾನೂರು ಎಕರೆ. ಗುಡ್ಡದ ಎತ್ತರವೂ ಹೆಚ್ಚುಕಡಿಮೆ 163 ಮೀಟರೇ. ಅದು ಸುಮ್ನೆ ಕಾಕತಾಳೀಯ. ಸಿಂಗಪುರದಲ್ಲಿ ಇದಕ್ಕಿಂತ ಎತ್ತರದ ನೈಸರ್ಗಿಕ ಜಾಗ ಇಲ್ಲ. ಇಷ್ಟರೊಳಗೆ 840ಕ್ಕೂ ಹೆಚ್ಚು ಜಾತಿಯ ಹೂಬಿಡುವ ಗಿಡಮರಗಳು, ಸುಮಾರು 500 ಜಾತಿಯ ಪ್ರಾಣಿಗಳು ಇವೆ ಎನ್ನುತ್ತಾರೆ. ಎರಡನೇ ಸಂಖ್ಯೆ ಓದಿ ಸುಮ್ಮನೆ ಖುಷಿಪಡಬೇಡಿ. ಅದರಲ್ಲಿ ದೊಡ್ಡ ಪಾಲು ಹುಳುಹುಪ್ಪಟೆ, ಕಪ್ಪೆ, ಹಲ್ಲಿ, ಹಕ್ಕಿಗಳದ್ದು. ಉಷ್ಣವಲಯದ ಮಳೆಕಾಡಿನ ಸ್ವಭಾವವೇ ಹಾಗೆ. ಜಾತಿಗಳು ಜಾಸ್ತಿ, ಆದರೆ ಒಂದೊಂದು ಜಾತಿಯಲ್ಲೂ ಇರುವ ಜೀವಿಗಳು ಕಡಿಮೆ. ಒಂದು ಎಕರೆಯಲ್ಲಿ ನೀವು ನೋಡಿದ ಮರದ ಜಾತಿಯದೇ ಇನ್ನೊಂದು ಮರ ಮುಂದಿನ ಎಕರೆಯಲ್ಲೂ ಇಲ್ಲದಿರಬಹುದು. ಅಂಥ ಕಾಡನ್ನು ಕತ್ತರಿಸಿ ಒಂದು ತುಣುಕು ಉಳಿಸಿಕೊಂಡರೆ ಅನೇಕ ಜಾತಿಗಳಿಗೆ ಉಳಿಯುವುದು ಬೆರಳೆಣಿಕೆಯ ಜೀವಗಳು ಮಾತ್ರ. ಚಿಕ್ಕ ಕಾಡಿನ ತೊಂದರೆಯೆಲ್ಲ ಇಲ್ಲಿಂದಲೇ ಶುರು.

ಈ ಗುಡ್ಡ ವಿಜ್ಞಾನದ ಚರಿತ್ರೆಯಲ್ಲಿ ಹೆಸರು ಮಾಡಿದ್ದು ಬ್ರಿಟಿಷ್ ನಿಸರ್ಗ ವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೇಸ್ ಅವರಿಂದ. 1854ರಲ್ಲಿ ಅವರು ಸಿಂಗಪುರಕ್ಕೆ ಬಂದಿಳಿದು, ಬುಕಿತ್ ತಿಮಾದ ಫ್ರೆಂಚ್ ಪಾದ್ರಿಯೊಬ್ಬರ ಹತ್ತಿರ ಉಳಿದುಕೊಂಡು ಕೀಟ ಹಿಡಿದರು. ಸುಮಾರು ಎರಡು ತಿಂಗಳಲ್ಲಿ 700 ಜಾತಿಯ ಬೀಟಲ್ ಹುಳುಗಳು ಸಿಕ್ಕವು. ಉದ್ದ ಮೀಸೆಯ ಲಾಂಗ್‌ಹಾರ್ನ್ ಬೀಟಲ್‌ಗಳೇ 130 ಜಾತಿ. ಹೆಚ್ಚುಕಡಿಮೆ ಎಲ್ಲವೂ ಒಂದು ಚದರ ಮೈಲಿಯನ್ನೂ ಮೀರದ ಒಂದು ಕಾಡಿನ ತುಣುಕಿನಲ್ಲೇ ಸಿಕ್ಕವು ಎಂದು ಅವರೇ ಬರೆದಿದ್ದಾರೆ. ಈ ಮಾತನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಅದರ ಜೊತೆಗಿರುವ ಇನ್ನೊಂದು ಮಾತನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಅಷ್ಟೊಂದು ಹುಳು ಸಿಗಲು ಮುಖ್ಯ ಕಾರಣ ಅಲ್ಲಿ ನಡೆಯುತ್ತಿದ್ದ ಮರ ಕಡಿತ. ಚೀನೀ ಕೂಲಿಗಳು ದಿನಾ ಮರ ಉರುಳಿಸಿ ಕೊಯ್ಯುತ್ತಿದ್ದರು. ಬಿದ್ದ ದಿಮ್ಮಿ, ಒಣಗುವ ತೊಗಟೆ, ಕೊಳೆಯುವ ಎಲೆ, ಗರಗಸದ ಹೊಟ್ಟು ಎಲ್ಲ ಹುಳುಗಳಿಗೆ ಹಬ್ಬದೂಟ. ಸತ್ತ ಮರವೇ ಈ ಹುಳುಗಳ ಮರಿಗಳಿಗೆ ಆಹಾರ, ಅಲ್ವಾ? ಅಂದರೆ ವಾಲೇಸ್ ಕಂಡ ಆ ಸಮೃದ್ಧಿಯಲ್ಲಿ ಒಂದು ಪಾಲು, ಕಾಡು ಕಣ್ಣೆದುರೇ ಉರುಳುತ್ತಿದ್ದುದರ ಫಲ.

ಆಗ ದ್ವೀಪದಲ್ಲಿ ಹುಲಿಗಳೂ ಇದ್ದವು. ಹುಲಿ ಹಿಡಿಯಲು ತೋಡಿದ ಗುಂಡಿಗಳು ಈ ಗುಡ್ಡಗಳ ದಾರಿಯಲ್ಲಿದ್ದ ಬಗ್ಗೆ ವಾಲೇಸ್ ಬರೆದಿದ್ದಾರೆ. ಹುಲಿಗೆ ಬಲಿಯಾಗುತ್ತಿದ್ದವರು ಹೆಚ್ಚಾಗಿ ಗಂಬೀರ್ ಎಂಬ ಗಿಡದ ತೋಟಗಳ ಕೂಲಿಗಳು. ಗಂಬೀರ್ ಎಲೆ ಬೇಯಿಸಿ ತೆಗೆದ ಸಾರವನ್ನು ಚರ್ಮ ಹದ ಮಾಡಲು, ಬಣ್ಣಕ್ಕೆ ಬಳಸುತ್ತಿದ್ದರು. ಬೇಯಿಸಲು ರಾಶಿಗಟ್ಟಲೆ ಸೌದೆ ಬೇಕು. ಕೆಲವು ವರ್ಷಗಳಲ್ಲಿ ಮಣ್ಣು ಸತ್ವ ಕಳೆದುಕೊಂಡರೆ ತೋಟ ಬಿಟ್ಟು ಹೊಸ ಕಾಡು ಕಡಿಯುತ್ತಿದ್ದರು. ಹೀಗೆ 19ನೇ ಶತಮಾನ ಮುಗಿಯುವ ಹೊತ್ತಿಗೆ ದ್ವೀಪದ ಕಾಡು ಬಹುಪಾಲು ಹೋಗಿತ್ತು. ಇವತ್ತಿನ ಲೆಕ್ಕದಲ್ಲಿ ಮೂಲ ಕಾಡಿನ ಶೇ 95ಕ್ಕಿಂತ ಜಾಸ್ತಿ ಭಾಗ ನಾಶವಾಗಿದೆ. ಸಿಂಗಪುರದ ಕೊನೆಯ ಕಾಡುಹುಲಿಗೆ ಗುಂಡು ಬಿದ್ದದ್ದು 1930ರಲ್ಲಿ, ಚೋವಾ ಚು ಕಾಂಗ್‌ನಲ್ಲಿ.

ಬುಕಿತ್ ತಿಮಾ ಉಳಿದದ್ದು 1883ರಲ್ಲಿ ಅದನ್ನು ಮೀಸಲು ಅರಣ್ಯ ಮಾಡಿದ್ದರಿಂದ. ಆಗ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ನಥಾನಿಯಲ್ ಕ್ಯಾಂಟ್ಲಿ ಕೊಟ್ಟ ವರದಿ ಅದಕ್ಕೆ ಕಾರಣ. ಮುಂದೆ ಬೇರೆ ಮೀಸಲು ಅರಣ್ಯಗಳು ಒಂದೊಂದಾಗಿ ಹೋದರೂ ಈ ಗುಡ್ಡ ಉಳಿದುಕೊಂಡಿತು. ಹಾಗಂತ ಪೂರಾ ನೆಮ್ಮದಿಯೇನೂ ಇರಲಿಲ್ಲ. ಅಡಿಯಲ್ಲಿ ಗ್ರಾನೈಟ್ ಇದ್ದುದರಿಂದ ಸುತ್ತಲೂ ಕಲ್ಲುಕ್ವಾರಿಗಳು ಬಂದವು. ಹಿಂದ್‌ಹೀಡ್ ಕ್ವಾರಿ, ಡೇರಿ ಫಾರ್ಮ್ ಕ್ವಾರಿ ಎಂದು ಈಗ ಜನ ಫೋಟೊ ತೆಗೆಸಿಕೊಳ್ಳುವ ಜಾಗಗಳು ಗುಡ್ಡಕ್ಕೆ ಬಿದ್ದ ಆ ಕಾಲದ ಗಾಯಗಳೇ. 1951ರಲ್ಲಿ ಹೊಸ ಕಾನೂನಿನಡಿ ಅದು ನಿಸರ್ಗ ಮೀಸಲು ಪ್ರದೇಶವಾಯಿತು.

ಇನ್ನು ಹೋದವರ ವಿಚಾರ. ದೊಡ್ಡ ಪ್ರಾಣಿಗಳು ಮೊದಲು ಹೋದವು. ಅದಕ್ಕೆ ಬೇಟೆ ಒಂದು ಕಾರಣ, ಜಾಗ ಇನ್ನೊಂದು. ಒಂದು ಹುಲಿಗೇ ಹತ್ತಾರು ಚದರ ಕಿಲೋಮೀಟರ್ ಬೇಕು. ಇಲ್ಲಿರುವುದು ಒಂದೂವರೆ ಚದರ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಕೋವಿ ಇಲ್ಲದಿದ್ದರೂ ಅದು ಅಲ್ಲಿ ಉಳಿಯುತ್ತಿರಲಿಲ್ಲ. ಆಮೇಲೆ ಹೋದದ್ದು ದೊಡ್ಡ ಹಣ್ಣು ತಿನ್ನುವ ಮಂಗಟ್ಟೆ ಹಕ್ಕಿಗಳು. ಕಾಡಿನ ಬೇರೆ ಬೇರೆ ಮರ ಬೇರೆ ಬೇರೆ ತಿಂಗಳಲ್ಲಿ ಹಣ್ಣು ಬಿಡುತ್ತದೆ. ಅದನ್ನು ಹುಡುಕಿಕೊಂಡು ದೂರ ದೂರ ಹಾರುವ ಹಕ್ಕಿ ಅದು. ನಾನೂರು ಎಕರೆಯಲ್ಲಿ ವರ್ಷಪೂರ್ತಿ ಹಣ್ಣು ಎಲ್ಲಿ ಸಿಗಬೇಕು?

ನನ್ನನ್ನು ಜಾಸ್ತಿ ಕಾಡುವುದು ಲಂಗೂರಿನ ಕಥೆ. ರಾಫಲ್ಸ್ ಬ್ಯಾಂಡೆಡ್ ಲಂಗೂರ್ ಅಂತ ಕಪ್ಪು ಮೈಯ, ಹೊಟ್ಟೆಯ ಕಡೆ ಬಿಳಿ ಪಟ್ಟಿಯ ಮಂಗ. ಎಲೆ, ಕಾಯಿ ತಿನ್ನುತ್ತದೆ, ಮರದ ಮೇಲೇ ಬದುಕುತ್ತದೆ, ಮನುಷ್ಯರ ಹತ್ತಿರ ಬರುವುದಿಲ್ಲ. ಬುಕಿತ್ ತಿಮಾದಲ್ಲಿ ಉಳಿದಿದ್ದ ಕೊನೆಯ ಒಂಟಿ ಲಂಗೂರ್ 1987ರಲ್ಲಿ ನಾಯಿಗಳ ಬಾಯಿಗೆ ಬಿತ್ತು. ಇದರಲ್ಲಿ ಗಮನಿಸಬೇಕಾದ್ದು ನಾಯಿಯಲ್ಲ. ಒಂದೇ ಒಂದು ಉಳಿದಿದ್ದಾಗಲೇ ಆ ಜಾತಿ ಅಲ್ಲಿ ಮುಗಿದಿತ್ತು. ನಾಯಿ ಬರದಿದ್ದರೆ ಮುಪ್ಪು ಬರುತ್ತಿತ್ತು, ಅಷ್ಟೇ. ಪಕ್ಕದ ಸೆಂಟ್ರಲ್ ಕ್ಯಾಚ್‌ಮೆಂಟ್ ಕಾಡಿನಲ್ಲಿ ಇದೇ ಲಂಗೂರ್ ಇನ್ನೂ ಇದೆ, ನೂರಕ್ಕೂ ಕಡಿಮೆ. ಆ ಕಾಡು ಇದಕ್ಕಿಂತ ಹತ್ತು ಪಟ್ಟಿಗೂ ದೊಡ್ಡದು. ಕೆಂದಳಿಲಿನ ಬಳಗದ, ತಿಳಿ ಬಣ್ಣದ ದೊಡ್ಡ ಅಳಿಲೊಂದು ಬುಕಿತ್ ತಿಮಾದಲ್ಲಿತ್ತು. ಅದೂ 1990ರ ದಶಕದ ಈಚೆಗೆ ಕಂಡಿಲ್ಲ. ಯಾರೂ ಅದನ್ನು ಬೇಟೆಯಾಡಲಿಲ್ಲ, ಕಾಡನ್ನೂ ಕಡಿಯಲಿಲ್ಲ. ಆದರೂ ಹೋಯಿತು.

ಹೀಗೆ ತಡವಾಗಿ ಹೋಗುವುದನ್ನು ವಿಜ್ಞಾನಿಗಳು ಅಳಿವಿನ ಸಾಲ ಎನ್ನುತ್ತಾರೆ. ಕಾಡನ್ನು ಚಿಕ್ಕದು ಮಾಡಿದ ದಿನ ಎಲ್ಲ ಜಾತಿಗಳೂ ಅಲ್ಲೇ ಇರುತ್ತವೆ. ಆದರೆ ಅಷ್ಟೂ ಜಾತಿಗಳನ್ನು ಸಾಕುವ ಶಕ್ತಿ ಆ ಜಾಗಕ್ಕೆ ಇರುವುದಿಲ್ಲ. ಒಂದೊಂದು ಕೆಟ್ಟ ವರ್ಷ ಬಂದಾಗ, ಒಂದೊಂದು ರೋಗ ಬಂದಾಗ, ಹುಟ್ಟಿದ ಮರಿಗಳೆಲ್ಲ ಗಂಡೇ ಆದಾಗ, ಚಿಕ್ಕ ಗುಂಪು ನಿಂತಲ್ಲೇ ಕುಸಿಯುತ್ತದೆ. ದೊಡ್ಡ ಕಾಡಿನಲ್ಲಾದರೆ ಪಕ್ಕದಿಂದ ಇನ್ನೊಂದು ಜೋಡಿ ಬಂದು ಸೇರುತ್ತದೆ. ಇಲ್ಲಿ ಬರುವವರು ಯಾರು? ಒಂದು ಸ್ಥೂಲ ಲೆಕ್ಕ ಇದೆ: ಕಾಡಿನ ಶೇ 90 ಹೋದರೆ ಕಾಲಕ್ರಮದಲ್ಲಿ ಸುಮಾರು ಅರ್ಧ ಜಾತಿಗಳು ಹೋಗುತ್ತವೆ. ‘ಕಾಲಕ್ರಮದಲ್ಲಿ’ ಅಂದರೆ ಹತ್ತು ವರ್ಷವೂ ಇರಬಹುದು, ನೂರೈವತ್ತೂ ಇರಬಹುದು.

ಪನಾಮಾದ ಬಾರೋ ಕೊಲೊರಾಡೊ ದ್ವೀಪದಲ್ಲಿ ಇದನ್ನು ಕಣ್ಣಾರೆ ಕಂಡಿದ್ದಾರೆ. ಪನಾಮಾ ಕಾಲುವೆಗಾಗಿ ಗಾಟೂನ್ ಸರೋವರ ತುಂಬಿಸಿದಾಗ ಒಂದು ಬೆಟ್ಟದ ತುದಿ ದ್ವೀಪವಾಯಿತು. 1923ರಿಂದ ಅದು ಸಂರಕ್ಷಿತ. ಬುಕಿತ್ ತಿಮಾದ ಸುಮಾರು ಒಂಬತ್ತು ಹತ್ತು ಪಟ್ಟು ದೊಡ್ಡದು, ಕಾವಲು ಬಿಗಿ, ಸಂಶೋಧಕರು ವರ್ಷವಿಡೀ ಅಲ್ಲೇ ಇರುತ್ತಾರೆ. ಆದರೂ ಹತ್ತಾರು ಜಾತಿಯ ಹಕ್ಕಿಗಳು ಅಲ್ಲಿಂದ ಕಾಣೆಯಾದವು. ಎದುರು ದಡದಲ್ಲಿ ಅದೇ ಹಕ್ಕಿಗಳಿವೆ. ರೆಕ್ಕೆ ಇರುವ ಪ್ರಾಣಿ ಹಾರಿ ಬರಬಾರದೇ ಎಂದು ಕೇಳಬಹುದು. ಸಂಶೋಧಕರು ಅದನ್ನೇ ಪರೀಕ್ಷೆ ಮಾಡಿದರು. ಕಾಡಿನ ಒಳಗೆ ನೆಲದ ಹತ್ತಿರ ಬದುಕುವ ಹಕ್ಕಿಗಳನ್ನು ದೋಣಿಯಲ್ಲಿ ಒಯ್ದು, ದಡದಿಂದ ನೂರು ಮೀಟರ್, ಇನ್ನೂರು ಮೀಟರ್, ಮುನ್ನೂರು ಮೀಟರ್ ದೂರದಲ್ಲಿ ಬಿಟ್ಟರು. ಕೆಲವು ಜಾತಿಗಳು ಆರಾಮಾಗಿ ದಡ ಸೇರಿದವು. ಇನ್ನು ಕೆಲವಕ್ಕೆ ನೂರು ಮೀಟರ್ ಕೂಡ ಆಗಲಿಲ್ಲ. ಪೊದೆಯಿಂದ ಪೊದೆಗೆ ನಾಲ್ಕಾರು ಮೀಟರ್ ಹಾರಿಯೇ ಜೀವನ ಕಳೆಯುವ ಹಕ್ಕಿಗೆ ಬಯಲು ದಾಟುವ ಅಭ್ಯಾಸವೇ ಇಲ್ಲ. ಅಂಥ ಹಕ್ಕಿಗೆ ಆರು ಲೇನಿನ ರಸ್ತೆಯೂ ಒಂದು ಸಮುದ್ರ.

ಥಾಯ್ಲೆಂಡಿನ ಚಿಯೋ ಲಾನ್ ಜಲಾಶಯದ ದ್ವೀಪಗಳ ಕಥೆ ಇನ್ನೂ ಘೋರ. 1980ರ ದಶಕದಲ್ಲಿ ನೀರು ತುಂಬಿದ ಮೇಲೆ, 25 ವರ್ಷ ಕಳೆಯುವಷ್ಟರಲ್ಲಿ ಅಲ್ಲಿನ ಕಾಡಿನ ಸಣ್ಣ ಸಸ್ತನಿಗಳು ಹೆಚ್ಚುಕಡಿಮೆ ಎಲ್ಲ ಹೋದವು. ಉಳಿದದ್ದು ಹೊರಗಿಂದ ಬಂದ ಒಂದು ಬಗೆಯ ಇಲಿ.

ಹಾಗಾದರೆ ಬುಕಿತ್ ತಿಮಾ ಆ ದ್ವೀಪಗಳ ಥರ ಯಾಕೆ ಖಾಲಿಯಾಗಲಿಲ್ಲ? ಸುತ್ತ ಇರುವುದು ನೀರಲ್ಲ, ಅದಕ್ಕೆ. ತೋಟ, ರಸ್ತೆಬದಿಯ ಮರ, ಪಾಳು ಬಿದ್ದ ಹಳೇ ರಬ್ಬರ್ ತೋಟ, ಚರಂಡಿ, ಹುಲ್ಲುಗಾವಲು ಇವೆ. ಇದನ್ನೆಲ್ಲ ಬಳಸಿಕೊಳ್ಳಬಲ್ಲ ಪ್ರಾಣಿ ಉಳಿಯಿತು. ಬಳಸಿಕೊಳ್ಳಲಾರದ ಪ್ರಾಣಿ ಹೋಯಿತು. ನನ್ನ ಪ್ರಕಾರ ಚಿಕ್ಕ ಕಾಡಿನ ಭವಿಷ್ಯವನ್ನು ಅದರ ಬೇಲಿಯ ಒಳಗಿನದಕ್ಕಿಂತ ಹೊರಗಿನದೇ ಜಾಸ್ತಿ ತೀರ್ಮಾನಿಸುತ್ತದೆ.

ಹೆಬ್ಬಾವನ್ನೇ ನೋಡಿ. ಜಾಲಿ ಹೆಬ್ಬಾವು ಅಂದರೆ ಮೈಮೇಲೆ ಬಲೆಯಂಥ ವಿನ್ಯಾಸದ ರೆಟಿಕ್ಯುಲೇಟೆಡ್ ಪೈಥಾನ್, ಜಗತ್ತಿನ ಅತಿ ಉದ್ದದ ಹಾವು. ಇಷ್ಟು ದೊಡ್ಡ ಬೇಟೆಗಾರ ಇಷ್ಟು ಚಿಕ್ಕ ಜಾಗದಲ್ಲಿ ಹೇಗೆ ಬದುಕುತ್ತದೆ? ಅದು ಆ ಜಾಗದಲ್ಲಷ್ಟೇ ಬದುಕುತ್ತಿಲ್ಲ. ಸಿಂಗಪುರದ ಮಳೆನೀರಿನ ಚರಂಡಿ ಜಾಲವೇ ಅದರ ಹೆದ್ದಾರಿ, ಇಲಿಗಳು ಊಟ. ಉದ್ದಬಾಲದ ಕೋತಿಯೂ ಅಷ್ಟೇ. ಕಾಡಿನ ಅಂಚು, ನದಿಯ ದಡ ಅದರ ಸಹಜ ಜಾಗ. ಊರಿನ ಅಂಚೂ ಅದಕ್ಕೆ ಅಂಚೇ. ನಿಮಗೆ ಕೋತಿ ಮಾತ್ರ ಕಂಡದ್ದರಲ್ಲಿ ಆಶ್ಚರ್ಯ ಇಲ್ಲ.

ಆದರೆ ಕೋತಿಯನ್ನು ಹಗುರವಾಗಿ ನೋಡಬೇಡಿ. ದೊಡ್ಡ ಹಣ್ಣಿನ ಹಕ್ಕಿಗಳು ಹೋದ ಕಾಡಿನಲ್ಲಿ ಬೀಜ ಹರಡುವ ಕೆಲಸದಲ್ಲಿ ಒಂದಿಷ್ಟನ್ನು ಅದೇ ಮಾಡುತ್ತಿದೆ. ಬುಕಿತ್ ತಿಮಾದಲ್ಲೇ ಇದರ ಅಧ್ಯಯನ ನಡೆದಿದೆ. ಕೋತಿ ಹಣ್ಣನ್ನು ಕೆನ್ನೆಯ ಚೀಲಕ್ಕೆ ತುಂಬಿಕೊಂಡು ಹೊರಡುತ್ತದೆ. ಆಮೇಲೆ ಒಂದೊಂದೇ ಹಣ್ಣು ಬಾಯಿಗೆ ತಂದು, ತಿರುಳು ತಿಂದು, ಬೀಜ ಉಗಿಯುತ್ತದೆ. ಅತ್ತಿ ಹಣ್ಣಿನಂಥ ತೀರಾ ಸಣ್ಣ ಬೀಜಗಳು ಮಾತ್ರ ಹೊಟ್ಟೆಗೆ ಹೋಗುತ್ತವೆ. ಉಗಿದ ಬೀಜ ತಾಯಿಮರದಿಂದ ತುಂಬ ದೂರವೇನೂ ಹೋಗುವುದಿಲ್ಲ. ಆದರೂ ಮರದ ಬುಡದಲ್ಲೇ ರಾಶಿ ಬೀಳುವುದಕ್ಕಿಂತ ವಾಸಿ. ಕೋತಿಗಳ ಗುಂಪಿನ ಹಿಂದೆಯೇ ಭೀಮರಾಜ ಹಕ್ಕಿ ಬರುವುದನ್ನೂ ಅಲ್ಲಿ ನೋಡಬಹುದು. ಕಪ್ಪು ಮೈ, ಬಾಲದ ತುದಿಯಲ್ಲಿ ಎರಡು ಉದ್ದ ತಂತಿ, ತಂತಿಗೆ ಜೋಲುವ ಗರಿ. ಕೋತಿ ಕೊಂಬೆ ಅಲುಗಾಡಿಸಿದಾಗ ಹಾರುವ ಹುಳುಗಳನ್ನು ಅದು ಗಾಳಿಯಲ್ಲೇ ಹಿಡಿಯುತ್ತದೆ.

ಫಲಕದಲ್ಲಿ ನೀವು ಓದಿದ ಹಾರುವ ಲೀಮರ್ ಅಂದರೆ ಕೊಲುಗೊ. ನೀವು ಅದರ ಕೆಳಗೇ ನಡೆದು ಹೋಗಿರುವ ಸಾಧ್ಯತೆ ಇದೆ. ಬೆಕ್ಕಿನಷ್ಟು ಗಾತ್ರ, ತೂಕ ಒಂದರಿಂದ ಎರಡು ಕಿಲೋ. ಹಗಲೆಲ್ಲ ಮರದ ಕಾಂಡಕ್ಕೆ ಅಂಟಿಕೊಂಡು ಅಲುಗಾಡದೆ ಇರುತ್ತದೆ. ಬೂದು ಹಸಿರಿನ ಮೇಲೆ ಬಿಳಿ ಚುಕ್ಕೆ, ಥೇಟ್ ಪಾಚಿ ಹಿಡಿದ ತೊಗಟೆ. ಕತ್ತಿನಿಂದ ಬೆರಳ ತುದಿವರೆಗೆ, ಅಲ್ಲಿಂದ ಬಾಲದ ತುದಿವರೆಗೆ ಚರ್ಮದ ಹಾಳೆ. ಹಾಗಾಗಿ ಕೈಕಾಲು ಎಲ್ಲಿ ಮುಗಿಯಿತು ಎಂದೇ ಗೊತ್ತಾಗುವುದಿಲ್ಲ. ಒಮ್ಮೆ ನೋಡಿದರೆ ಮರಕ್ಕೆ ಗಂಟು ಬಂದ ಹಾಗಿರುತ್ತದೆ. ಇನ್ನೊಮ್ಮೆ ಸರಿಯಾಗಿ ನೋಡಿದರೆ ಆ ಗಂಟಿನಲ್ಲಿ ದೊಡ್ಡ ಕಣ್ಣೊಂದು ನಿಮ್ಮನ್ನೇ ನೋಡುತ್ತಿರುತ್ತದೆ. ಹೊಟ್ಟೆಯ ಕಡೆಯ ಹಾಳೆ ಸ್ವಲ್ಪ ಉಬ್ಬಿದ್ದರೆ ಒಳಗೆ ಮರಿ ಇದೆ ಎಂದರ್ಥ. ಮಲ ವಿಸರ್ಜನೆಗೆ ಮುಂಚೆ ಬಾಲವನ್ನು ಹಾಳೆ ಸಮೇತ ಬೆನ್ನ ಮೇಲಕ್ಕೆ ಮಡಚಿಕೊಳ್ಳುತ್ತದೆ. ಹಾಳೆ ಗಲೀಜಾಗಬಾರದಲ್ಲ!

ಕತ್ತಲಾದ ಮೇಲೆ ಅದು ಮರದಿಂದ ಮರಕ್ಕೆ ತೇಲುತ್ತದೆ. ಒಂದೇ ನೆಗೆತಕ್ಕೆ ನೂರು ಮೀಟರಿಗೂ ಜಾಸ್ತಿ ದೂರ ಹೋಗಬಲ್ಲದು. ತಿನ್ನುವುದು ಎಳೆ ಎಲೆ. ಎಲೆ ಎಲ್ಲ ಮರದಲ್ಲೂ ಸಿಗುತ್ತದೆ, ಹಾಗಾಗಿ ಚಿಕ್ಕ ಕಾಡಿನಲ್ಲೂ ಕೊಲುಗೊಗೆ ಊಟದ ಚಿಂತೆ ಕಡಿಮೆ. ಆದರೆ ನೆಲಕ್ಕೆ ಬಿದ್ದರೆ ಅದರ ಕಥೆ ಮುಗಿದಂತೆಯೇ, ಸರಿಯಾಗಿ ನಡೆಯಲು ಬಾರದು. ಎತ್ತರದ ಮರಗಳ ಸಾಲು ಕಡಿದುಹೋದ ಜಾಗವೇ ಅದರ ಎಲ್ಲೆ.

ಚಿಪ್ಪುಹಂದಿಯ ಸ್ಥಿತಿ ಇದಕ್ಕೆ ತಿರುಗುಮುರುಗು. ಸುಂಡಾ ಚಿಪ್ಪುಹಂದಿ ನೆಲದ ಮೇಲೂ ನಡೆಯುತ್ತದೆ, ಮರವನ್ನೂ ಹತ್ತುತ್ತದೆ. ಇರುವೆ, ಗೆದ್ದಲು ಎಲ್ಲೆಲ್ಲೂ ಇವೆ. ಹಾಗಾಗಿ ಅದು ಕಾಡಿನಾಚೆಗೂ ಓಡಾಡುತ್ತದೆ. ತೊಂದರೆ ಬರುವುದು ಅಲ್ಲೇ. ಅಪಾಯ ಕಂಡರೆ ಅದು ಓಡುವುದಿಲ್ಲ, ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ಹುಲಿ, ಚಿರತೆಗೆ ಆ ಉಂಡೆ ಬಿಡಿಸಲು ಕಷ್ಟ. ಕಾರಿನ ಚಕ್ರಕ್ಕೆ ಅದು ಲೆಕ್ಕಕ್ಕೇ ಇಲ್ಲ. ಸಾಮಾನ್ಯವಾಗಿ ಒಂದು ಸಲಕ್ಕೆ ಹುಟ್ಟುವುದು ಒಂದೇ ಮರಿ. ಹಾಗಾಗಿ ರಸ್ತೆಯಲ್ಲಿ ಸತ್ತ ಒಂದೊಂದು ಚಿಪ್ಪುಹಂದಿಯೂ ಆ ಚಿಕ್ಕ ಗುಂಪಿಗೆ ದೊಡ್ಡ ನಷ್ಟ.

ರಸ್ತೆ ಎಂದರೆ ಮುಖ್ಯವಾಗಿ ಬುಕಿತ್ ತಿಮಾ ಎಕ್ಸ್‌ಪ್ರೆಸ್‌ವೇ. 1986ರಲ್ಲಿ ಅದು ಸಂಚಾರಕ್ಕೆ ತೆರೆದಾಗ ಬುಕಿತ್ ತಿಮಾ ಒಂದು ಕಡೆ, ಸೆಂಟ್ರಲ್ ಕ್ಯಾಚ್‌ಮೆಂಟ್ ಕಾಡು ಇನ್ನೊಂದು ಕಡೆ ಆದವು. ಕೊನೆಯ ಲಂಗೂರ್ ಸತ್ತದ್ದು ಅದರ ಮರುವರ್ಷ ಎನ್ನುವುದನ್ನು ಜನ ಜೋಡಿಸಿ ಹೇಳುತ್ತಾರೆ. ಅದು ಸರಿಯಲ್ಲ, ಆ ಗುಂಪು ಅಷ್ಟರಲ್ಲೇ ಮುಗಿದಿತ್ತು. ಆದರೆ ಅತ್ತಲಿಂದ ಹೊಸ ಲಂಗೂರ್ ಬಂದು ಸೇರುವ ದಾರಿಯನ್ನು ರಸ್ತೆ ಮುಚ್ಚಿತು, ಅದು ನಿಜ. 20ನೇ ಶತಮಾನದ ಉತ್ತರಾರ್ಧದಲ್ಲಿ ಈ ಕಾಡಿಗೆ ಬಿದ್ದ ದೊಡ್ಡ ಪೆಟ್ಟು ಇದೇ ಎಂದು ನನ್ನ ಅಭಿಪ್ರಾಯ.

2013ರಲ್ಲಿ ಆ ಹೆದ್ದಾರಿಯ ಮೇಲೆ ಇಕೋ-ಲಿಂಕ್ ಎಂಬ ಸೇತುವೆ ಕಟ್ಟಿ ಮುಗಿಸಿದರು. ಅತಿ ಕಿರಿದಾದ ಜಾಗದಲ್ಲೂ 50 ಮೀಟರ್ ಅಗಲ. ಮೇಲೆ ಮಣ್ಣು ಹಾಕಿ ಕಾಡಿನ ಗಿಡಗಳನ್ನೇ ನೆಟ್ಟಿದ್ದಾರೆ. ಎರಡೂ ಅಂಚಿನಲ್ಲಿ ದಟ್ಟ ಪೊದೆ, ವಾಹನದ ಬೆಳಕು ಸದ್ದು ತಡೆಯಲಿ ಅಂತ. ಚಿಪ್ಪುಹಂದಿ, ಪುನುಗು (ಸಿವೆಟ್) ಬೆಕ್ಕುಗಳು ಅದರ ಮೇಲೆ ಓಡಾಡಿದ್ದು ಕ್ಯಾಮೆರಾದಲ್ಲಿ ದಾಖಲಾಗಿದೆ. ದಿನಾ ಎಷ್ಟು ಪ್ರಾಣಿ ದಾಟುತ್ತವೆ ಎಂದು ಲೆಕ್ಕ ಕೇಳುವವರು ಇರುತ್ತಾರೆ. ಆ ಪ್ರಶ್ನೆಯೇ ತಪ್ಪು. ಒಂದು ತಲೆಮಾರಿಗೆ ಒಂದೋ ಎರಡೋ ಹೊಸ ಜೀವ ಬಂದು ಸೇರಿ ಮರಿ ಹಾಕಿದರೂ ಒಳಸಂಬಂಧದ ಕೆಡುಕು ಬಹಳಷ್ಟು ತಗ್ಗುತ್ತದೆ ಎಂಬುದು ತಳಿಶಾಸ್ತ್ರದ ಹಳೆಯ ಲೆಕ್ಕ. ಸೇತುವೆಯ ಮೇಲೆ ಜಾತ್ರೆ ನೆರೆಯಬೇಕಾಗಿಲ್ಲ. ಹಾಗಂತ ಸೇತುವೆ ಎಲ್ಲರಿಗೂ ಅಲ್ಲ. ಮೇಲಿನ ಕೊಂಬೆಗಳಲ್ಲಿ ಬದುಕುವವರಿಗೆ ನೆಟ್ಟ ಗಿಡ ಮರವಾಗುವ ತನಕ ಕಾಯಬೇಕು. ಹಳ್ಳದ ಜೀವಿಗಳಿಗೆ ಅದರಿಂದ ಏನೂ ಪ್ರಯೋಜನ ಇಲ್ಲ.

ಹಳ್ಳ ಅಂದಾಗ ಒಂದು ಏಡಿಯ ಬಗ್ಗೆ ಹೇಳಲೇಬೇಕು. ಜೊಹೊರಾ ಸಿಂಗಪೊರೆನ್ಸಿಸ್ ಅದರ ವೈಜ್ಞಾನಿಕ ಹೆಸರು. ಮೂರು ಸೆಂಟಿಮೀಟರ್ ಅಗಲದ ಸಿಹಿನೀರಿನ ಏಡಿ. 1986ರಲ್ಲಿ, ಅಂದರೆ ಹೆದ್ದಾರಿ ತೆರೆದ ವರ್ಷವೇ, ಪೀಟರ್ ಎಂಗ್ ಎಂಬ ವಿಜ್ಞಾನಿ ಬುಕಿತ್ ತಿಮಾದಲ್ಲಿ ಸಿಕ್ಕ ಏಡಿಯನ್ನು ಹೊಸ ಜಾತಿ ಎಂದು ವಿವರಿಸಿದರು. ಸಿಂಗಪುರ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಅದು ಇಲ್ಲ. ಹಗಲು ಕಲ್ಲು, ಎಲೆಕಸದ ಅಡಿಯಲ್ಲಿ ಇರುತ್ತದೆ, ರಾತ್ರಿ ಹೊರಬರುತ್ತದೆ. ಸಮುದ್ರದ ಏಡಿಯ ಮರಿಗಳು ಲಾರ್ವಾ ಆಗಿ ನೀರಲ್ಲಿ ತೇಲಿ ದೂರ ಹೋಗುತ್ತವೆ. ಇದರ ಮೊಟ್ಟೆಯಿಂದ ನೇರವಾಗಿ ಪುಟ್ಟ ಏಡಿಯೇ ಹೊರಬರುತ್ತದೆ. ಹುಟ್ಟಿದ ಹಳ್ಳ ಬಿಟ್ಟು ಹೋಗುವ ದಾರಿಯೇ ಅದಕ್ಕಿಲ್ಲ. ಮೊದಲು ಸಿಕ್ಕ ಹಳ್ಳದಲ್ಲಿ ಆಮೇಲೆ ಅದು ಕಾಣೆಯಾಯಿತು. ನೀರಿನ ಹುಳಿ ಅಂಶ ಜಾಸ್ತಿಯಾದದ್ದು ಕಾರಣ ಇರಬಹುದು ಎಂದು ಸಂಶೋಧಕರ ಅನುಮಾನ. ಈಗ ಇರುವುದು ಬೆರಳೆಣಿಕೆಯ ಹಳ್ಳಗಳಲ್ಲಿ. 2012ರಲ್ಲಿ ಜಗತ್ತಿನ ಅತಿ ಅಪಾಯದ 100 ಜೀವಿಗಳ ಪಟ್ಟಿ ಮಾಡಿದಾಗ ಇದೂ ಅದರಲ್ಲಿತ್ತು. ಸಾಕಿ ಮರಿ ಮಾಡಿಸಿ ಬೇರೆ ಹಳ್ಳಗಳಿಗೆ ಬಿಡುವ ಕೆಲಸ ನಡೆದಿದೆ.

ಹುಲಿಗೆ ಚಿಕ್ಕದಾದ ಜಾಗ ಈ ಏಡಿಗೆ ಒಂದು ಖಂಡವೇ. ಚಿಕ್ಕ ಕಾಡು ಇಟ್ಟುಕೊಂಡು ಏನು ಉಪಯೋಗ ಎಂದು ಯಾರಾದರೂ ಕೇಳಿದರೆ ನಾನು ಚಿಪ್ಪುಹಂದಿಯನ್ನಲ್ಲ, ಈ ಏಡಿಯನ್ನೇ ತೋರಿಸುತ್ತೇನೆ. ಚಿಪ್ಪುಹಂದಿಗೆ ಮಲೇಷ್ಯಾ, ಇಂಡೊನೇಷ್ಯಾದಲ್ಲೂ ಕಾಡು ಇದೆ.

ನೋಟಕ್ಕೆ ಸುಭದ್ರವಾಗಿ ಕಾಣುವ ಮರಗಳ ಬಗ್ಗೆಯೂ ಒಂದು ಮಾತು. ಈ ಗುಡ್ಡದ ಎತ್ತರದ ಮರಗಳಲ್ಲಿ ಸೆರಾಯ ಮುಖ್ಯವಾದದ್ದು, ಸಾಲ ಮರದ ಬಳಗದ್ದು. ಈ ಬಳಗದ ಮರಗಳು ಪ್ರತಿವರ್ಷ ಹೂ ಬಿಡುವುದಿಲ್ಲ. ಕೆಲವು ವರ್ಷ ಸುಮ್ಮನಿದ್ದು, ಒಮ್ಮೆಲೇ ಎಲ್ಲ ಸೇರಿ ಹೂ ಬಿಡುತ್ತವೆ. ರೆಕ್ಕೆ ಇರುವ ಕಾಯಿಗಳು ಗಿರಗಿರನೆ ತಿರುಗುತ್ತ ಹೆಚ್ಚಾಗಿ ತಾಯಿಮರದ ಹತ್ತಿರವೇ ಬೀಳುತ್ತವೆ. ಅಂಚಿನ ಮರದ ಕಾಯಿ ಕಾಡಿನ ಆಚೆ, ರಸ್ತೆಗೋ ಚರಂಡಿಗೋ ಬೀಳುತ್ತದೆ. ಅಂಚಿನಲ್ಲಿ ಬಿಸಿಲು, ಒಣಗಾಳಿ ಬೇರೆ. ಬ್ರೆಜಿಲ್‌ನ ಮನೌಸ್ ಬಳಿ 1979ರಲ್ಲಿ ಶುರುವಾದ ಪ್ರಯೋಗದಲ್ಲಿ ಒಂದು, ಹತ್ತು, ನೂರು ಹೆಕ್ಟೇರಿನ ಕಾಡಿನ ತುಣುಕುಗಳನ್ನು ದಶಕಗಳ ಕಾಲ ಗಮನಿಸಿದ್ದಾರೆ. ಅಂಚಿನ ಹಲವು ಪರಿಣಾಮಗಳು ನೂರು ಮೀಟರ್ ಒಳಗಿನವರೆಗೂ ಹೋಗುತ್ತವೆ. ಅದನ್ನು ಇಲ್ಲಿಗೆ ಹಚ್ಚಿ ನೋಡಿ. 163 ಹೆಕ್ಟೇರನ್ನು ಪೂರಾ ದುಂಡಗೆ ಇಟ್ಟರೂ ಅದರ ಕಾಲುಭಾಗ ಅಂಚೇ ಆಗುತ್ತದೆ. ಬುಕಿತ್ ತಿಮಾ ದುಂಡಗಿಲ್ಲ. ಮೇಲಾಗಿ ಮಧ್ಯೆ ಟಾರು ರಸ್ತೆ, ಕಾಲುದಾರಿ, ಸೈಕಲ್ ದಾರಿಗಳಿವೆ.

ಜನರ ಓಡಾಟದಿಂದ ದಾರಿಗಳು ಕೊರೆದು, ಇಳಿಜಾರು ಸಡಿಲವಾಗಿ, 2014ರ ಸೆಪ್ಟೆಂಬರ್‌ನಿಂದ 2016ರ ಅಕ್ಟೋಬರ್‌ವರೆಗೆ ಕಾಡನ್ನು ಬಹುಪಾಲು ಮುಚ್ಚಿ ರಿಪೇರಿ ಮಾಡಿದರು. ಕೆಲವು ಕಡೆ ನೆಲದಿಂದ ಎತ್ತರಿಸಿದ ಹಲಗೆ ದಾರಿ ಬಂತು. ಅದಕ್ಕಿಂತ ಒಳ್ಳೆಯ ಉಪಾಯ ಅಂದರೆ ಸುತ್ತ ನೇಚರ್ ಪಾರ್ಕ್‌ಗಳನ್ನು ಮಾಡಿದ್ದು. ಹಿಂದ್‌ಹೀಡ್, ಡೇರಿ ಫಾರ್ಮ್, 2022ರಲ್ಲಿ ತೆರೆದ ರೈಫಲ್ ರೇಂಜ್. ವ್ಯಾಯಾಮಕ್ಕೆ, ಮಕ್ಕಳನ್ನು ಕರೆದುಕೊಂಡು ತಿರುಗಾಟಕ್ಕೆ ಬರುವವರು ಅಲ್ಲೇ ನಿಲ್ಲುತ್ತಾರೆ. ಪ್ರಾಣಿಗಳಿಗೂ ಅದು ಹೆಚ್ಚುವರಿ ಜಾಗ. ಮೇಲೆ ಹೇಳಿದೆನಲ್ಲ, ಬೇಲಿಯ ಹೊರಗಿನದೇ ಮುಖ್ಯ ಅಂತ.

ಇನ್ನು ಮುಂದಿನ ಸಲದ ಭೇಟಿ. ಬೆಳಿಗ್ಗೆ 7ಕ್ಕೆ ಬಾಗಿಲು ತೆರೆಯುತ್ತದೆ, ಆಗಲೇ ಹೋಗಿ. ಶನಿವಾರ, ಭಾನುವಾರ ಬೇಡ. ತುದಿ ಮುಟ್ಟುವ ಹಟ ಬಿಡಿ, ಟಾರು ರಸ್ತೆಯನ್ನೂ ಬಿಟ್ಟು ಪಕ್ಕದ ಕಾಲುದಾರಿ ಹಿಡಿಯಿರಿ. ಒಂದು ಕಡೆ ಇಪ್ಪತ್ತು ನಿಮಿಷ ಸುಮ್ನೆ ನಿಂತರೆ ಎರಡು ಗಂಟೆ ನಡೆದದ್ದಕ್ಕಿಂತ ಜಾಸ್ತಿ ಕಾಣುತ್ತದೆ. ದಪ್ಪ ಕಾಂಡಗಳನ್ನು ಬುಡದಿಂದ ಮೇಲಿನವರೆಗೆ ನಿಧಾನವಾಗಿ ನೋಡುತ್ತ ಹೋಗಿ, ಕೊಲುಗೊ ಇರುವುದು ಅಲ್ಲೇ. ಕೋತಿಗಳ ಗುಂಪು ಕಂಡರೆ ಅವುಗಳ ಹಿಂದಿನ ಕೊಂಬೆಗಳಲ್ಲಿ ಭೀಮರಾಜನನ್ನು ಹುಡುಕಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಇರಬಾರದು. ಚೀಲ ಅಂದರೆ ತಿಂಡಿ ಎಂದು ಅಲ್ಲಿನ ಕೋತಿಗಳಿಗೆ ಗೊತ್ತು. ತಿನ್ನಲು ಕೊಟ್ಟರೆ ಮೊದಲ ಸಲಕ್ಕೇ 5,000 ಸಿಂಗಪುರ ಡಾಲರ್‌ವರೆಗೆ ದಂಡ ಹಾಕಬಹುದು. ಚಿಪ್ಪುಹಂದಿ ನೋಡುವ ಆಸೆ ಇಟ್ಟುಕೊಳ್ಳಬೇಡಿ. ಅದು ರಾತ್ರಿ ಹೊರಬರುತ್ತದೆ, ಕಾಡಿನ ಬಾಗಿಲು ಸಂಜೆ 7ಕ್ಕೆ ಮುಚ್ಚುತ್ತದೆ. ಇಕೋ-ಲಿಂಕ್ ಸೇತುವೆಯ ಮೇಲೂ ಹೀಗೇ ಹೋಗಲು ಬಿಡುವುದಿಲ್ಲ. ಹಳ್ಳದ ಕಲ್ಲು ಎತ್ತಿ ಏಡಿ ಹುಡುಕುವುದಂತೂ ಖಂಡಿತ ಬೇಡ. ಮಗಳು ಅಲ್ಲೇ ಇರುವುದರಿಂದ ಅವರಿಗೆ ಹೇಳಿ: ತೆಗೆದ ಚಿತ್ರಗಳನ್ನು ದಿನಾಂಕದ ಜೊತೆ, ಜನ ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಲಿ. ಅಳಿಲಿನ ಚಿತ್ರವಾದರೂ ಸರಿ.